ನೋಡುವವರಿಂದಲೇ ಆಗುವ ಚಿತ್ರವು

ಚಿತ್ರವನ್ನು ಬರೆಯುವವನೊಬ್ಬನು, ನೋಡುವವರು ಹಲವರು ಎಂಬುದು ನಾವೆಲ್ಲರೂ ಬಾಲ್ಯದಿಂದ ಅರಿತ ಮಾತು. ನೋಡುವವರು ಬಾರದಿದ್ದರೆ ಚಿತ್ರವೇ ಇಲ್ಲವೆಂಬಂಥ ಕೃತಿಗಳು ಈಗ ಹಲವು ದೇಶಗಳಲ್ಲಿ ಕಾಣಬರುತ್ತಿರಲು, ಇದೂ ಒಂದು ಕಲೆಯೇ, ಚಿತ್ರಕಾರನು ಮಾಡಿದ್ದಾದರೂ ಏನು ಎಂದು ಮಕ್ಕಳನ್ನು ಡ್ರಾಯಿಂಗ್ ಕ್ಲಾಸಿಗೆ ಕಳುಹಿಸುವ ತಂದೆತಾಯಿಗಳು ಕೇಳುವುದು ಸಹಜವೇ ಸರಿ.

ಸ್ಲೊವಾಕಿಯ ದೇಶದ ರೊಮಾನ್ ಓಂಡಾಕ್ ಎಂಬವರು 2007ರಲ್ಲಿ, ವಿಶ್ವವನ್ನು ಅಳೆಯುವುದು ಎಂಬರ್ಥದ ಹೆಸರಿನ ಕೃತಿಯೊಂದನ್ನು ಕಲ್ಪಿಸಿದರು. 2009ರಲ್ಲಿ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿನಲ್ಲಿ ಪ್ರದರ್ಶಿತವಾಯಿತು. ಮೊದಲ ದಿನ ಅಲ್ಲಿ ಬರಿಯ ಬಿಳಿ ಗೋಡೆಗಳ ಹೊರತು ಏನೂ ಇರುವುದಿಲ್ಲ. ಬಂದವರು ಗೋಡೆಗೆ ಬೆನ್ನುಕೊಟ್ಟು ನಿಲ್ಲುವರು. ಅಲ್ಲಿಯ ಕೆಲಸದವರು ಅವರ ನೆತ್ತಿಯ ಮಟ್ಟಕ್ಕೆ ಕಪ್ಪು ಪೆನ್ನಿನಿಂದ ಗೆರೆಯೆಳೆದು, ಪಕ್ಕದಲ್ಲಿ ಹೆಸರನ್ನೂ ತಾರೀಖನ್ನೂ ಬರೆಯುವರು. ಮನೆಗಳಲ್ಲಿ ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗುರುತಿಸುವ ಪದ್ಧತಿಯೇ ಇದು, ಬೇರೇನಲ್ಲ. ಸಾವಿರಾರು ಜನರು ಬಂದುಹೋಗುವಷ್ಟರಲ್ಲಿ, ದೊಡ್ಡವರ ತಲೆಯ ಮಟ್ಟದಲ್ಲಿ ಹೆಸರಿನ ಮೇಲೆ ಹೆಸರು ಬಿದ್ದು, ಕೋಣೆಯ ಸುತ್ತಲೂ ಓದಲಾಗದ ಕರಿಯ ಪಟ್ಟಿಯೊಂದು ಮೂಡುವುದು. ಅದಕ್ಕಿಂತ ಬಹಳ ಕೆಳಗೆ, ಬಿಳುಪಿನ ನಡುವೆ, ಚಿಕ್ಕ ಮಕ್ಕಳ ಹೆಸರುಗಳು ವಿರಳವಾಗಿಯೂ ಸ್ಪಷ್ಟವಾಗಿಯೂ ನಿಂತಿರುವವು.

ಇಂಥದನ್ನು ಯಾರಾದರೂ ಮಾಡಬಹುದಿತ್ತೆಂಬ ಆಕ್ಷೇಪಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು. ಮಾಡಬಹುದಿತ್ತು, ನಿಜ, ಆದರೆ ಆ ಸರಳ ನಿಯಮವನ್ನು ಕಂಡುಹಿಡಿದು, ಆಮೇಲೆ ತನ್ನ ಕೈಯನ್ನು ತಡೆದುಕೊಂಡವರು ಅವರೇ. ಹೆಚ್ಚು ತೂಕದ ಆಕ್ಷೇಪವು ಇನ್ನೊಂದುಂಟು: ನೋಡಬಂದವರಿಗೆ ಪೆನ್ನೇ ದೊರೆಯುವುದಿಲ್ಲ. ತನ್ನ ಎತ್ತರವನ್ನು ಯಾರು ತಾನೇ ಆರಿಸಿಕೊಂಡಾರು?

ಜಪಾನಿನ ಚಿತ್ರಕರ್ತೆ ಯಾಯೊಯಿ ಕುಸಾಮಾ ಅವರು 2002ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಮಕ್ಕಳಿಗಾಗಿ ಏರ್ಪಡಿಸಿದ ಕೋಣೆಯಲ್ಲಿ ಈ ಸ್ವಾತಂತ್ರ್ಯವು ಅಧಿಕವಾಗಿತ್ತು. ಮೇಜು ಕುರ್ಚಿಗಳೆಲ್ಲ ಬಿಳಿ, ಮಕ್ಕಳ ಕೈಗೆ ಬಣ್ಣಬಣ್ಣದ ದುಂಡು ಚೀಟಿಗಳು, ಬೇಕಾದಲ್ಲಿ ಅಂಟಿಸಬಹುದು. ನೋಟವೇನೋ ಬಲು ಚೆಲುವು. ಆದರೆ ಕೆಲವು ವಾರಗಳ ಮೇಲೆ ಮಗುವೊಂದು ತಿರುಗಿ ಬಂದರೆ, ತನ್ನ ಚುಕ್ಕೆ ಯಾವುದೆಂದು ಹೇಗೆ ಗುರುತಿಸೀತು? ಆ ಕೃತಿಯ ಹೆಸರಿಗೂ ಅಳಿಸಿಹಾಕುವ ಕೋಣೆಯೆಂದೇ ಅರ್ಥ.

ಎರಡರಲ್ಲಿ ಒಂದನ್ನು ನಮ್ಮ ಹುಡುಗಿಯರಿಗೆ ತೋರಿಸಬೇಕಾದರೆ ನಾವು ಓಂಡಾಕರ ಗೋಡೆಯನ್ನೇ ಆರಿಸುವೆವು. ಹೂಜಿಯನ್ನೂ ಹೂವನ್ನೂ ನೋಡಿ ಬರೆಯುವ ಅಭ್ಯಾಸವನ್ನು ಬಿಡಬೇಕೆಂದು ಇದರರ್ಥವಲ್ಲ. ಕೈ ಪಳಗಲು ಅದು ಬೇಕು. ಆದರೆ ತಾನು ನಿಂತದ್ದರಿಂದಲೇ ಚಿತ್ರವು ಒಂದು ಗೆರೆಯಷ್ಟು ಬೆಳೆಯಿತೆಂದು ಹೆಸರುಸಹಿತ ಕಾಣುವ ಅವಕಾಶವು ನಮ್ಮ ಡ್ರಾಯಿಂಗ್ ಪುಸ್ತಕಗಳಲ್ಲಿ ಎಲ್ಲಿದೆ? ಇಷ್ಟಾದರೂ ನಮ್ಮದೊಂದು ತಕರಾರು ಉಳಿದೇ ಇದೆ. ಪ್ರತಿಯೊಂದು ಹೊಸ ಪ್ರದರ್ಶನವೂ ಬಿಳಿ ಗೋಡೆಯಿಂದಲೇ ಆರಂಭವಾಗುವುದು. ಕೃತಿಕಾರರೆಂದು ಎಲ್ಲೆಡೆಯೂ ನಮೂದಾಗುವುದು ಓಂಡಾಕರೊಬ್ಬರ ಹೆಸರೇ. ಗೋಡೆಯ ಮೇಲಿದ್ದ ಆ ಮಕ್ಕಳ ಹೆಸರುಗಳನ್ನು ಒಂದು ಪುಸ್ತಕದಲ್ಲಾದರೂ ಬರೆದಿಡಬಾರದೇ?