ಶುದ್ಧ ಗಾಳಿ ವಾರ್ಡಿನೊಳಗೆ ಬಂದೀತೇ?

‘ಕೊಡಗಿನಂಥ ಶುದ್ಧ ಗಾಳಿಯ ಊರಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಕ್ಷಯದ ಭಯವೇಕೆ, ಒಂದು ಮಾಸ್ಕ್ ಸಾಕು’ ಎಂದು ಬರೆದವರು ಜುಲೈ ತಿಂಗಳಲ್ಲಿ ಮಡಿಕೇರಿಯ ಯಾವುದಾದರೂ ವಾರ್ಡಿನಲ್ಲಿ ಅರ್ಧ ಗಂಟೆ ಕೂತು ನೋಡಲಿ. ಮಳೆ, ಚಳಿ, ಕಿಟಕಿಗಳೆಲ್ಲ ಭದ್ರ. ಹೊರಗಿನ ಗಾಳಿ ಎಷ್ಟು ಶುದ್ಧವಾಗಿದ್ದರೇನು, ಒಳಗೆ ಬಂದರಲ್ಲವೇ?

ಕೆಮ್ಮಿನೊಡನೆ ಹೊರಬಿದ್ದ ಕ್ಷಯದ ರೋಗಾಣು ಗಂಟೆಗಟ್ಟಲೆ ತೇಲಬಲ್ಲದು. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಿಟಕಿ ಬಾಗಿಲು ತೆರೆದಿಟ್ಟಾಗ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಬಾರಿ ಬದಲಾಗುತ್ತಿತ್ತು. ಯಂತ್ರದ ವ್ಯವಸ್ಥೆಗೆ ಲೆಕ್ಕ ಹಿಡಿದದ್ದು 12. ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೇ ಕಟ್ಟಡಗಳೇ ಮುಂದು. ನಮ್ಮ ಮಳೆಗಾಲಕ್ಕೆ ಎಕ್ಸಾಸ್ಟ್ ಫ್ಯಾನ್ ಬೇಕು, ಕೆಮ್ಮುವವರಿಗೆ ಬೇರೆ ಸಾಲು ಬೇಕು.

ಇನ್ನು ಮಾಸ್ಕ್. ಯಾವ ಮಾಸ್ಕ್? ಸರ್ಜಿಕಲ್ ಮಾಸ್ಕ್ ರೋಗಿಗೆ ಸರಿ. ನರ್ಸ್‌ಗೆ ಬೇಕಾದ್ದು ಎನ್-95, ಅದೂ ಮುಖಕ್ಕೆ ಸಂದಿಯಿಲ್ಲದೆ ಕೂತರೆ ಮಾತ್ರ. ಗೊತ್ತಾಗಿ ಔಷಧಿ ಶುರುವಾದ ರೋಗಿಗಿಂತ, ಕಫ ಪರೀಕ್ಷೆಯೇ ಆಗದೆ ಹೊರರೋಗಿಗಳ ಸಾಲಿನಲ್ಲಿ ಕೆಮ್ಮುತ್ತ ನಿಂತವರಿಂದ ಅಪಾಯ ಹೆಚ್ಚು. ಅವರ ಎದುರಿಗೆ ಮೊದಲು ಸಿಗುವವರು ವೈದ್ಯರಲ್ಲ: ಚೀಟಿ ಬರೆಯುವವರು, ನೆಲ ಒರೆಸುವ ಗುತ್ತಿಗೆ ನೌಕರರು. ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ! ಅವರಿಗೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ಖರ್ಚು ಗುತ್ತಿಗೆದಾರನದೋ ಸರ್ಕಾರದ್ದೋ, ಲೇಖಕರು ಮುಂದಿನ ಸಲ ಅದನ್ನು ಬರೆಯಲಿ.