ಬೀಗ ಹಾಕಿದ ಕಪಾಟು ಮತ್ತು ಬಯಲಿಗೆ ಬಂದ ಪುಸ್ತಕ



"ಬಸ್ ನಿಲ್ದಾಣದಲ್ಲಿ ಪುಸ್ತಕ ಇಟ್ಟರೆ ಸಂಜೆಯೊಳಗೆ ಅದು ರದ್ದಿ ಅಂಗಡಿ ಸೇರಿರುತ್ತದೆ." ಓದಿ ಮುಗಿಸಿದ ಪುಸ್ತಕವನ್ನು ಗುರುತಿಲ್ಲದವರಿಗಾಗಿ ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಬರುವ ವಿಚಾರವನ್ನು ಎತ್ತಿದಾಗಲೆಲ್ಲ ನಮ್ಮ ಸುಶಿಕ್ಷಿತ ಕುಟುಂಬಗಳಿಂದ ಕೇಳಿಬರುವ ಮಾತಿದು. ಹೀಗೆ ಹೇಳುವವರಲ್ಲಿ ಎಷ್ಟು ಮಂದಿ ಒಂದೇ ಒಂದು ಪುಸ್ತಕವನ್ನಾದರೂ ಬಿಟ್ಟು ನೋಡಿದ್ದಾರೆ? ಕಾಣದ ಮನುಷ್ಯನನ್ನು ವಿಚಾರಣೆಯೇ ಇಲ್ಲದೆ ಕಳ್ಳನೆಂದು ಸಾರುವ ಈ ತೀರ್ಪನ್ನು ನಾನು ಒಪ್ಪಲಾರೆ. ನೀವೂ ಒಪ್ಪಬಾರದೆಂದು ವಾದಿಸುವುದಕ್ಕಾಗಿಯೇ ಈ ಬರಹ.

ಈ ಅಭ್ಯಾಸಕ್ಕೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದು 2001ರ ಏಪ್ರಿಲ್‌ನಲ್ಲಿ ಅಮೆರಿಕದ ರಾನ್ ಹಾರ್ನ್‌ಬೇಕರ್ ಆರಂಭಿಸಿದ 'ಬುಕ್‌ಕ್ರಾಸಿಂಗ್'. ಪುಸ್ತಕಕ್ಕೊಂದು ಸಂಖ್ಯೆ ಪಡೆದು, ಅದನ್ನು ಒಳಪುಟದಲ್ಲಿ ಅಂಟಿಸಿ, ಉದ್ಯಾನದಲ್ಲೋ ರೈಲಿನಲ್ಲೋ ಬಿಟ್ಟುಬಿಡುವುದು. ಸಿಕ್ಕವರು ಮನಸ್ಸಿದ್ದರೆ ಅಂತರಜಾಲದಲ್ಲಿ ಆ ಸಂಖ್ಯೆಯೊಡನೆ ಎರಡು ಮಾತು ಬರೆಯುವುದು. ಮೂರೇ ವರ್ಷಗಳಲ್ಲಿ, 2004ರಲ್ಲಿ, ಆಕ್ಸ್‌ಫರ್ಡಿನ ಕನ್ಸೈಸ್ ನಿಘಂಟು ಈ ಪದಕ್ಕೆ ಸ್ಥಾನ ಕೊಟ್ಟಿತು. ಹೀಗೆ ನೋಂದಾಯಿತವಾದ ಪುಸ್ತಕಗಳು ಇಂದು ಒಂದು ಕೋಟಿಯನ್ನು ಮೀರಿವೆ.

ಇಲ್ಲಿ ಸಂಶಯವಾದಿಗಳಿಗೆ ಒಂದು ಅಂಕ ಕೊಡಲೇಬೇಕು. ಬಯಲಿಗೆ ಬಿಟ್ಟ ಪುಸ್ತಕಗಳಲ್ಲಿ ಬಹುಪಾಲು ಮತ್ತೆಂದೂ ಸುದ್ದಿ ಕಳುಹಿಸುವುದಿಲ್ಲ. "ನೋಡಿದಿರಾ, ಕಳೆದುಹೋಯಿತು!" ಎನ್ನುತ್ತಾರೆ. ಓದಿದವನು ರಸೀದಿ ಬರೆದುಕೊಡಬೇಕೆಂಬ ಕಟ್ಟಳೆ ಎಲ್ಲಿದೆ? ನಿಮ್ಮ ಬಾಳನ್ನೇ ತಿದ್ದಿದ ಪುಸ್ತಕವೊಂದರ ಲೇಖಕನಿಗೆ ನೀವು ಎಂದಾದರೂ ಒಂದು ಅಂಚೆ ಕಾರ್ಡು ಬರೆದಿದ್ದೀರಾ? ಬರೆಯದಿದ್ದ ಮಾತ್ರಕ್ಕೆ ಆ ಪುಸ್ತಕ ನಿಮ್ಮಲ್ಲಿ ವ್ಯರ್ಥವಾಯಿತೇ? ಬಿತ್ತುವವನ ಸಾಮತಿಯನ್ನು ವರ್ಷವರ್ಷವೂ ಕೇಳುವ ನಾವು, ದಾರಿಯ ಬದಿ ಬಿದ್ದ ಬೀಜದ ಲೆಕ್ಕ ಹಿಡಿದು ಬಿತ್ತನೆಯನ್ನೇ ನಿಲ್ಲಿಸಲು ಹೊರಟಿರುವುದು ವಿಚಿತ್ರವೇ ಸರಿ.

ಇನ್ನು ರದ್ದಿಯ ಮಾತು. ಕೊಲಂಬಿಯ ದೇಶದ ರಾಜಧಾನಿ ಬೊಗೋಟಾದಲ್ಲಿ 2004ರಲ್ಲಿ ನಗರಾಡಳಿತವೇ ಒಂದು ಯೋಜನೆಯನ್ನು ಕೈಗೊಂಡಿತು. ಅದರ ಹೆಸರು 'ಲಿಬ್ರೊ ಅಲ್ ವಿಯೆಂಟೊ', ಅಂದರೆ ಗಾಳಿಗೆ ಬಿಟ್ಟ ಪುಸ್ತಕ. ಕಥೆ ಕವಿತೆಗಳ ಪುಟ್ಟ ಪುಸ್ತಕಗಳನ್ನು ಮುದ್ರಿಸಿ ನಗರ ಸಾರಿಗೆಯ ಬಸ್ ನಿಲ್ದಾಣಗಳೇ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಜನರ ಕೈಗೆ ಕೊಟ್ಟರು. ಓದಿದ ಮೇಲೆ ಮತ್ತೊಬ್ಬರಿಗೆ ದಾಟಿಸಿರೆಂದು ಕೇಳಿಕೊಂಡರು. ಅದೇ ನಗರದಲ್ಲಿ ಕಸದ ಲಾರಿಯ ಚಾಲಕರಾಗಿದ್ದ ಹೋಸೆ ಆಲ್ಬರ್ಟೊ ಗುಟಿಯೆರೆಜ್ ಎಂಬವರಿಗೆ, 1990ರ ದಶಕದ ಒಂದು ರಾತ್ರಿ, ಕಸದ ನಡುವೆ ಟಾಲ್‌ಸ್ಟಾಯ್ ಬರೆದ 'ಅನ್ನಾ ಕರೆನಿನಾ' ಸಿಕ್ಕಿತು. ಅಂದಿನಿಂದ ಅವರು ಶ್ರೀಮಂತರ ಬಡಾವಣೆಗಳ ಕಸದಿಂದ ಪುಸ್ತಕಗಳನ್ನು ಎತ್ತಿ ತಂದು, ತಮ್ಮ ಬಡ ಕೇರಿಯ ಮನೆಯಲ್ಲೇ ಉಚಿತ ಗ್ರಂಥಾಲಯವನ್ನು ತೆರೆದರು. ಮುಂದೆ ಸಾವಿರಾರು ಪುಸ್ತಕಗಳನ್ನು ದೂರದ ಶಾಲೆಗಳಿಗೂ ಮುಟ್ಟಿಸಿದರು. ದಯವಿಟ್ಟು ಗಮನಿಸಿ: ಪುಸ್ತಕವನ್ನು ಕಸಕ್ಕೆ ಎಸೆದವರು ಯಾರು, ಎತ್ತಿಕೊಂಡವರು ಯಾರು?

ನಮ್ಮ ಮೈಸೂರೇನೂ ಹಿಂದುಳಿದಿಲ್ಲ. ಶಾಲೆಯ ಭಾಗ್ಯವಿಲ್ಲದ ಕೂಲಿ ಕಾರ್ಮಿಕ ಸೈಯದ್ ಇಸಾಕ್ ಅವರು 2011ರಲ್ಲಿ ರಾಜೀವನಗರದಲ್ಲಿ ಸಾರ್ವಜನಿಕರಿಗಾಗಿ ಕನ್ನಡ ಗ್ರಂಥಾಲಯವೊಂದನ್ನು ತೆರೆದರು. ತಾವು ಓದಲಾರದ್ದನ್ನು ಇತರರು ಓದಲೆಂದು ದುಡಿಮೆಯ ಹಣದಿಂದ ಪತ್ರಿಕೆಗಳನ್ನು ತರಿಸಿದರು. 2021ರ ಏಪ್ರಿಲ್ 9ರಂದು ಅದು ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಬೂದಿಯಾದವೆಂದು ವರದಿಯಾಯಿತು. ಜನರ ಮೇಲಿನ ನಂಬಿಕೆಯನ್ನು ಕೈಬಿಡಲು ಅವರಿಗಿಂತ ದೊಡ್ಡ ಕಾರಣ ಯಾರಿಗಿತ್ತು? ಅವರಾದರೋ ಮತ್ತೆ ಕಟ್ಟುತ್ತೇನೆಂದರು. ಒಂದು ಪುಸ್ತಕ ಕಳೆದೀತೆಂದು ನಡುಗುವ ನಾವು ಈ ಮನುಷ್ಯನೆದುರು ಏನು ಹೇಳುತ್ತೇವೆ?

ಇಂಗ್ಲೆಂಡಿನ ಹೆರೆಫರ್ಡ್ ಪ್ರಧಾನಾಲಯದಲ್ಲಿ ಹಿಂದಿನ ಕಾಲದ ಪುಸ್ತಕಗಳು ಇಂದಿಗೂ ಸರಪಳಿ ಬಿಗಿದುಕೊಂಡೇ ಕಪಾಟಿನಲ್ಲಿವೆ. ಕೈಬರಹದ ಹೊತ್ತಗೆ ಬಂಗಾರದಷ್ಟು ದುಬಾರಿಯಾಗಿದ್ದ ಕಾಲದಲ್ಲಿ ಆ ಸರಪಳಿಗೆ ಅರ್ಥವಿತ್ತು. ನಮ್ಮ ಹಜಾರದ ಗಾಜಿನ ಕಪಾಟಿಗೆ ಬೀಗವೇಕೆ? ಮದುವೆಯ ಉಡುಗೊರೆಯಾಗಿ ಬಂದ ಕಾದಂಬರಿ ಮೊಮ್ಮಕ್ಕಳ ಕಾಲಕ್ಕೂ ಪುಟ ಬಿಡಿಸದೆ ಕುಳಿತಿದೆ. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಎಸ್. ಆರ್. ರಂಗನಾಥನ್ ಅವರ ಮೊದಲ ಸೂತ್ರವೇ ಪುಸ್ತಕವಿರುವುದು ಬಳಕೆಗೆ ಎಂಬುದು. ಬೆಳ್ಳಿ ಲೋಟವನ್ನಾದರೂ ಹಬ್ಬಕ್ಕೊಮ್ಮೆ ಹೊರತೆಗೆಯುತ್ತೇವೆ!

ಉಚಿತವಾಗಿ ಕೊಟ್ಟರೆ ಲೇಖಕನ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಕೊಟ್ಟ ಪುಸ್ತಕದ ಜಾಗಕ್ಕೆ ಅಂಗಡಿಯಿಂದ ಹೊಸದೊಂದನ್ನು ಕೊಂಡು ತನ್ನಿ. ಲೇಖಕನಿಗೂ ಲಾಭ, ಕಪಾಟಿಗೂ ಉಸಿರು.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಪುಸ್ತಕ ಕೊಡಿರೆಂದಾಗ ಬರುವುದೇನು? ಹತ್ತನೆಯ ತರಗತಿಯ ಹಳೆಯ ಗೈಡು, ಗೆದ್ದಲು ತಿಂದ ವಾರ್ಷಿಕ ಸಂಚಿಕೆ, ಕಳೆದ ವರ್ಷದ ಡೈರಿ. ಇದು ಮನೆ ಗುಡಿಸುವ ಕೆಲಸ, ದಾನವೆಂಬ ಹೆಸರು ಇದಕ್ಕೆ ಸಲ್ಲದು. ಇನ್ನೊಂದು ಮಾತನ್ನು ನಮ್ಮವರಿಗೇ, ಧರ್ಮಗುರುಗಳಿಗೂ ಸೇರಿಸಿ, ಹೇಳಬೇಕು. ಕೊನೆಯ ಪುಟದಲ್ಲಿ ನಮ್ಮ ವಿಳಾಸವೂ ಪ್ರಾರ್ಥನಾಕೂಟದ ವೇಳೆಯೂ ಇರುವ ಪುಸ್ತಿಕೆಯನ್ನು ಬೆಂಚಿನ ಮೇಲಿಟ್ಟು ಇದೂ ಪುಸ್ತಕದಾನವೇ ಎನ್ನಬೇಡಿ. ಕರಪತ್ರವನ್ನು ಕರಪತ್ರವೆಂದೇ ಹಂಚೋಣ. ಎತ್ತಿಕೊಂಡವನಿಂದ ಏನನ್ನೂ, ಒಂದು ಧನ್ಯವಾದವನ್ನೂ ಬಯಸದೆ ಇಟ್ಟದ್ದು ಮಾತ್ರ ಈ ಲೆಕ್ಕಕ್ಕೆ ಸೇರುತ್ತದೆ.

ಎಲ್ಲಿ ಇಡಬೇಕೆಂದು ಕೇಳುವಿರಾದರೆ ಸರ್ಕಾರಿ ಆಸ್ಪತ್ರೆಯ ಮೊಗಸಾಲೆಗೆ ಹೋಗಿ ನೋಡಿ. ರೋಗಿಗೆ ಹಾಸಿಗೆಯಾದರೂ ಇದೆ. ಜೊತೆಗೆ ಬಂದ ತಾಯಿಗೋ ತಮ್ಮನಿಗೋ ಇರುವುದು ಗೋಡೆ ಮಾತ್ರ. ಎರಡು ಮೂರು ರಾತ್ರಿ ಅವರು ಔಷಧದ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತ ಕುಳಿತಿರುತ್ತಾರೆ. ಮೊಬೈಲಿನ ಚಾರ್ಜು ಮುಗಿದ ಆ ಅಪರಾತ್ರಿಯಲ್ಲಿ ಕೈಗೆಟಕುವ ಒಂದು ಕಥಾಸಂಕಲನದ ಬೆಲೆಯನ್ನು ನಾವು ಹಜಾರದಲ್ಲಿ ಕುಳಿತು ಕಟ್ಟಲಾರೆವು. ಅಲ್ಲಿನ ದಾದಿಯರನ್ನು ಒಂದು ಮಾತು ಕೇಳಿ ಇಡಿ. ರೈಲು, ಬಸ್ ನಿಲ್ದಾಣಗಳಲ್ಲಿಯೂ ಸಂಬಂಧಪಟ್ಟವರ ಅನುಮತಿ ಪಡೆಯಿರಿ. ವಾರಸುದಾರರಿಲ್ಲದ ಚೀಲ ಕಂಡರೆ ಪೊಲೀಸರನ್ನು ಕರೆಯುವ ಕಾಲವಿದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಮರೆಯಬೇಡಿ.

ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಆ ಬೀಗದ ಕೈ ಹುಡುಕಿ. ಆರಿಸುವ ಕೆಲಸವನ್ನು ಮಕ್ಕಳಿಗೆ ಬಿಡಿ. ಕೊಡಲು ಮನಸ್ಸು ಹಿಂಜರಿಯುವ ಪುಸ್ತಕವೇ ಆಗಲಿ. ಒಳಪುಟದಲ್ಲಿ ಹೀಗೆ ಬರೆಯಿಸಿ: "ಇದನ್ನು ಯಾರೂ ಮರೆತುಹೋಗಿಲ್ಲ, ನಿಮಗಾಗಿಯೇ ಇಟ್ಟಿದ್ದೇವೆ. ಓದಿ, ಇನ್ನೊಬ್ಬರಿಗೆ ಬಿಡಿ." ಕೆಳಗೆ ನಿಮ್ಮ ಹೆಸರಾಗಲಿ ದೂರವಾಣಿ ಸಂಖ್ಯೆಯಾಗಲಿ ಬೇಡ.