ಕೊಳಲಿಗೆ ಟ್ರಾನ್ಸ್‌ಪೋಸ್ ಬಟನ್ ಇಲ್ಲ

ಶ್ರಾವಣಕ್ಕೆ ಊರಿಗೆ ಹೋಗಿದ್ದೆ. ವಿಜಯಪುರ ಕಡೆಯ ಜೈನಾಪುರ ನಮ್ಮೂರು. ರಾತ್ರಿ ಗುಡಿಯಲ್ಲಿ ಭಜನೆ. ತಾಳ, ತಬಲಾ, ಕೀಬೋರ್ಡ್ ಎಲ್ಲ ಇತ್ತು, ಕಾಕಾನ ಕೊಳಲು ಮಾತ್ರ ಇರಲಿಲ್ಲ.

"ಯಾಕ ಕಾಕಾ, ಕೊಳಲು ತಂದಿಲ್ಲ?"

"ನೀ ಕೊಡಿಸಿದ ಪೇಟಿ ಜೋಡಿ ನನ್ನ ಕೊಳಲು ಕೂಡಂಗಿಲ್ಲೋ ತಮ್ಮಾ."

ನಗುತ್ತಲೇ ಅಂದ. ಬೈದಿದ್ದರೇ ಚೆನ್ನಾಗಿತ್ತು..

ಹಳೇ ಹಾರ್ಮೋನಿಯಂ ಕೆಟ್ಟಾಗ ಕೀಬೋರ್ಡ್ ಕೊಡಿಸಿದ್ದು ನಾನೇ. ಟ್ರಾನ್ಸ್‌ಪೋಸ್ ಬಟನ್ ಒತ್ತೋದು ಹೇಳಿಕೊಟ್ಟವನೂ ನಾನೇ. ಮೊದಲು ಪೇಟಿ ಮಾಸ್ತರರಿಗೆ ಬರ್ತಿದ್ದದ್ದು ಒಂದೇ ಪಟ್ಟಿ (ಅಂದರೆ ಶ್ರುತಿ), ಕಾಳಿ ಎರಡು. ಕಾಕಾನ ಕೊಳಲೂ ಅದೇ. ಈಗ ಹಾಡುವವರು ಪದಕ್ಕೊಂದು ಪಟ್ಟಿ ಕೇಳುತ್ತಾರೆ, ಬಟನ್ ಒತ್ತಿದರೆ ಆಯ್ತು. ಬಿದಿರಿಗೆ ಆ ಬಟನ್ ಎಲ್ಲಿಂದ ತರೋದು? ಊದುವ ಕೋನ ಬದಲಿಸಿ ಚೂರು ಏರಿಳಿಸಬಹುದು, ಅಷ್ಟೇ. ಕಛೇರಿ ಮಾಡುವವರು ಬೇರೆ ಬೇರೆ ಶ್ರುತಿಯ ಕೊಳಲುಗಳನ್ನು ಚೀಲದಲ್ಲಿ ತರುತ್ತಾರೆ. ಕಾಕಾನ ಹತ್ತಿರ ಇರೋದು ಒಂದೇ.

ಮರುದಿನ ಕೊಳಲು ತೆಗೆಸಿ ನೋಡಿದೆ. ನುಡಿಸುತ್ತಿದ್ದಾಗ ಒಳಗೆ ಬಟ್ಟೆ ಎಳೆದು ಒರೆಸುತ್ತಿದ್ದ, ಆಗಾಗ ಸಾಸಿವೆ ಎಣ್ಣೆ ಸವರುತ್ತಿದ್ದ. ನುಡಿಸೋದು ನಿಂತ ಮೇಲೆ ಎಣ್ಣೆಯೂ ನಿಂತಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಒಣಗಿದ ಬಿದಿರು ಸುಮ್ಮನಿರುತ್ತಾ? ಕೂದಲೆಳೆಯಷ್ಟು ಸೀಳು. ಅಷ್ಟರಿಂದಲೇ ಗಾಳಿ ಸೋರಿ ಕೆಳಗಿನ ಸ್ವರಗಳು ಹೊರಡುತ್ತಿರಲಿಲ್ಲ. ಸೀಳಿಗೆ ಅಂಟು ತುಂಬಿ, ಮೇಲೆ ದಾರ ಬಿಗಿಯಾಗಿ ಸುತ್ತಿದೆವು.

ಐರ್ಲೆಂಡಿನ ಪಬ್ಬುಗಳಲ್ಲಿ 'ಸೆಷನ್' ಅಂತ ನಡೆಯುತ್ತೆ. ಥೇಟ್ ನಮ್ಮ ಭಜನೆ ಥರ, ವೇದಿಕೆ ಇಲ್ಲದೆ ಸುತ್ತ ಕೂತು ನುಡಿಸೋದು. ಅವರ ಮರದ ಕೊಳಲಿಗೂ ಆರು ಬೆರಳು ತೂತು. ತಲೆಭಾಗ ಜಾರಿಸಿ ಶ್ರುತಿ ಸ್ವಲ್ಪ ಸರಿಮಾಡಿಕೊಳ್ಳುವ ಸೌಕರ್ಯ ಅನೇಕ ಕೊಳಲುಗಳಲ್ಲಿರುತ್ತೆ. ಆದರೂ ಅಲ್ಲಿ ಹೆಚ್ಚಿನ ಧಾಟಿಗಳು ಡಿ, ಜಿ ಶ್ರುತಿಗಳ ಸುತ್ತಲೇ ಇರುತ್ತವೆ. ಒಂದೇ ಡಿ ಕೊಳಲು ಹಿಡಿದು ಬಂದವನೂ ರಾತ್ರಿಯಿಡೀ ಕೂರಬಹುದು.

ನನ್ನ ವಾದ ಇಷ್ಟೇ. ಕೂಡಿ ನುಡಿಸುವ ಕಡೆ ಬದಲಾಗಬಲ್ಲ ವಾದ್ಯ, ಬದಲಾಗಲಾರದ ವಾದ್ಯಕ್ಕೆ ಹೊಂದಿಕೊಳ್ಳಬೇಕು. ಹಾಡುವವರ ಗಂಟಲಿನ ಕಷ್ಟವೂ ನಿಜ, ಅದಕ್ಕೆ ಎಲ್ಲ ಪದ ಬೇಡ, ಅರ್ಧ ಪದ ಕಾಳಿ ಎರಡರಲ್ಲಿರಲಿ. ಬೆಂಗಳೂರಿನಿಂದ ದುಡ್ಡು ಕಳಿಸುವ ನನ್ನಂಥವರು, ಕೊಡಿಸುವ ಮೊದಲು ಯಾರು ಏನು ನುಡಿಸುತ್ತಾರೆ ಅಂತ ಒಂದು ಮಾತು ಕೇಳಬೇಕು. ನಾನು ಕೇಳಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ಬಟನ್ ಮುಟ್ಟದೆ ನಾಲ್ಕು ಪದ ಹಾಡಿ ಅಂತ ಕೇಳಿಕೊಂಡೆ. ಒಬ್ಬರ ದನಿ ಮೇಲೆ ಏರಲಿಲ್ಲ, ಗೊಣಗಿದರು. ಕಾಕಾನ ಕೊಳಲೂ ಎರಡು ಕಡೆ ಸೀದಿತು. ಆದರೆ ನಾಲ್ಕನೇ ಪದ ಮುಗಿದ ಮೇಲೂ ಅವನು ಅದನ್ನು ಚೀಲದೊಳಗೆ ಇಡಲಿಲ್ಲ.

ನಿಮ್ಮೂರ ಭಜನೆಯಲ್ಲಿ ಕೊಳಲು ಇನ್ನೂ ಇದೆಯಾ? ಇದ್ದರೆ ಯಾವ ಪಟ್ಟಿ ಅಂತ ಬರೀರಿ..